ಐಸಿನ ಮೀನಿಗೆ ಎಷ್ಟು ದಿನ? ತಪಾಸಣೆಗೆ ಬರುವವರಿಗೆ ಒಂದು ಬಹಿರಂಗ ಪತ್ರ

ಗೆ,
ಮೀನುಗಾರಿಕೆ ಇಲಾಖೆಯ ನಿರ್ದೇಶಕರು,
ಆಹಾರ ಸುರಕ್ಷತಾ ಆಯುಕ್ತರು,
ಕರಾವಳಿಯ ಮತ್ತು ಬೆಂಗಳೂರಿನ ಮೀನು ಮಾರುಕಟ್ಟೆಗಳ ಹೊಣೆ ಹೊತ್ತ ನಗರಾಡಳಿತದ ಅಧಿಕಾರಿಗಳು.

ವಿಷಯ: ಐಸಿನಲ್ಲಿಟ್ಟ ಮೀನಿನ ತಾಜಾತನ ಪರೀಕ್ಷಿಸುವ ಕ್ರಮವನ್ನು ಬದಲಿಸುವ ಬಗ್ಗೆ.

ಮಾನ್ಯರೇ,

ಮಂಗಳೂರು, ಉಡುಪಿ, ಕುಂದಾಪುರ, ಯಾವ ಮೀನು ಮಾರುಕಟ್ಟೆಗೆ ಹೋದರೂ ಗಿರಾಕಿಯ ಮೊದಲ ಪ್ರಶ್ನೆ ಒಂದೇ: "ಐಸಿನದ್ದಾ?" ಹೌದು ಎಂದರೆ ಮುಂದಿನ ಬುಟ್ಟಿಗೆ ನಡೆದುಬಿಡುತ್ತಾರೆ. ಹಾಗಾಗಿ ಮಾರುವವರು ಐಸನ್ನು ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು, ಮೀನನ್ನು ಮಾತ್ರ ಮೇಲೆ ಕಲ್ಲಿನ ಮೇಲೆ ಹರಡಿ, ಆಗಾಗ ನೀರು ಚಿಮುಕಿಸಿ ಹೊಳಪು ಉಳಿಸಿಕೊಳ್ಳುತ್ತಾರೆ. ಐಸಿನಲ್ಲಿ ಚೆನ್ನಾಗಿಯೇ ಇದ್ದ ಮೀನು ಹಾಳಾಗುವುದು ಇಲ್ಲಿ. 0 ಡಿಗ್ರಿಯಲ್ಲಿ ಹಾಳಾಗುವ ವೇಗವನ್ನು ಒಂದು ಎಂದು ಹಿಡಿದರೆ, 5 ಡಿಗ್ರಿಯಲ್ಲಿ ಅದು ಎರಡೂಕಾಲು ಪಟ್ಟು, 10 ಡಿಗ್ರಿಯಲ್ಲಿ ನಾಲ್ಕು ಪಟ್ಟು. ನಮ್ಮ ಕರಾವಳಿಯ 30 ಡಿಗ್ರಿಯಲ್ಲಿ ಹದಿನೈದು ಪಟ್ಟಿಗೂ ಮೇಲೆ. ಅಂದರೆ ಬೆಳಗ್ಗೆ ಏಳಕ್ಕೆ ಕಲ್ಲಿನ ಮೇಲೆ ಬಿದ್ದ ಬಂಗುಡೆ ಮಧ್ಯಾಹ್ನ ಒಂದರ ಹೊತ್ತಿಗೆ ಐಸಿನ ಲೆಕ್ಕದಲ್ಲಿ ನಾಲ್ಕು ದಿನ ಕಳೆದಿರುತ್ತದೆ. ಐಸಿನಲ್ಲಿ ಸರಿಯಾಗಿ ಮುಚ್ಚಿಟ್ಟ ಮೂರು ದಿನದ ಬಂಗುಡೆ ಇದಕ್ಕಿಂತ ತಾಜಾ.

ತಪಾಸಣೆಗೆ ಬರುವವರೂ ಗಿರಾಕಿಯ ಹಾಗೆಯೇ ನೋಡುತ್ತಾರೆ ಎಂಬುದು ನಮ್ಮ ತಕರಾರು. ಒಂದು ಮೀನು ಎತ್ತಿ, ಕಣ್ಣು ನೋಡಿ, ಕಿವಿರು ಬಿಡಿಸಿ, ಬೆರಳಲ್ಲಿ ಒತ್ತಿ, ಆಮೇಲೆ ಫಾರ್ಮಾಲಿನ್ (ಶವ ಕೆಡದಂತೆ ಇಡಲು ಬಳಸುವ ರಾಸಾಯನಿಕ) ಪತ್ತೆಹಚ್ಚುವ ಪಟ್ಟಿ ತಾಗಿಸಿ ಹೊರಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಥರ್ಮಾಮೀಟರ್ ಕೈಯಲ್ಲಿರುವುದಿಲ್ಲ. "ಐಸ್ ಯಾವತ್ತು ಹಾಕಿದ್ದು?" ಎಂದು ಕೇಳುವವರು ಇನ್ನೂ ಕಡಿಮೆ. ಐಸಿನ ಮೀನಿನ ತಾಜಾತನ ನಿಂತಿರುವುದು ಎರಡು ಸಂಗತಿಗಳ ಮೇಲೆ: ಐಸಿನಲ್ಲಿ ಎಷ್ಟು ದಿನ ಇತ್ತು, ಆ ದಿನಗಳಲ್ಲಿ ಎಷ್ಟು ತಂಪಾಗಿತ್ತು. ಕಣ್ಣು, ಕಿವಿರು, ವಾಸನೆ ಎಲ್ಲವೂ ಈ ಎರಡರ ಗುರುತುಗಳು ಅಷ್ಟೆ. ಆ ಗುರುತುಗಳಲ್ಲಿ ಕೆಲವು ಸುಳ್ಳು ಹೇಳುತ್ತವೆ. ಯಾವುದು, ಯಾಕೆ ಎನ್ನುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ಕಣ್ಣು. ತಾಜಾ ಮೀನಿನ ಕಣ್ಣು ಉಬ್ಬಿರುತ್ತದೆ, ಪಾಪೆ ಕಪ್ಪಾಗಿ ಮಿಂಚುತ್ತದೆ. ದಿನ ಕಳೆದಂತೆ ಚಪ್ಪಟೆಯಾಗಿ, ಮಬ್ಬಾಗಿ, ಕೊನೆಗೆ ಒಳಕ್ಕೆ ಕುಳಿತು ಹಾಲುಬಿಳುಪಾಗುತ್ತದೆ. ಇದು ನಿಜ. ಆದರೆ ಕ್ರೇಟಿನ ಅಡಿಯಲ್ಲಿದ್ದ ಮೀನಿನ ಕಣ್ಣು ಮೇಲಿನ ಐಸಿನ ಭಾರಕ್ಕೇ ಕುಳಿತಿರುತ್ತದೆ. ಐಸಿನ ತುಂಡು ನೇರವಾಗಿ ತಾಗಿದ ಕಣ್ಣು ಎರಡನೇ ದಿನಕ್ಕೇ ಮಬ್ಬಾಗುತ್ತದೆ. ಪರ್ಸಿನ್ ಬೋಟುಗಳಲ್ಲಿ (ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟುಗಳು) ಐಸ್ ಮತ್ತು ಸಮುದ್ರದ ನೀರು ಕಲಸಿದ ತಣ್ಣೀರಿಗೆ ಮೀನು ಹಾಕಿದ್ದರೆ ಕಣ್ಣು ಬೇಗ ಬೆಳ್ಳಗಾಗುತ್ತದೆ, ಮಾಂಸ ಮಾತ್ರ ಅತ್ಯುತ್ತಮವಾಗಿಯೇ ಇರುತ್ತದೆ. ಆದ್ದರಿಂದ ಕಣ್ಣೊಂದನ್ನೇ ನೋಡಿ ಒಂದು ಲಾಟನ್ನು ತಿರಸ್ಕರಿಸುವುದೂ ತಪ್ಪು, ಒಪ್ಪುವುದೂ ತಪ್ಪು.

ಕಿವಿರು ಇದಕ್ಕಿಂತ ನಂಬಿಕಸ್ತ, ಆದರೆ ಬಣ್ಣಕ್ಕಿಂತ ಅದರ ಲೋಳೆ ಮತ್ತು ವಾಸನೆಯನ್ನು ನಂಬಬೇಕು. ಕರಗಿದ ನೀರಲ್ಲಿ ನೆನೆದ ಕಿವಿರು ತೊಳೆದುಹೋಗಿ ತಿಳಿಗೆಂಪಾಗಿರುತ್ತದೆ, ಅದಕ್ಕೆ ಮೀನು ಹಳತೇ ಆಗಿರಬೇಕೆಂದಿಲ್ಲ. ಮಾರುಕಟ್ಟೆಯ ಹಳದಿ, ಕೆಂಪು ದೀಪದಡಿ ಹಳೆಯ ಕಿವಿರೂ ಕೆಂಪಾಗಿಯೇ ಕಾಣುತ್ತದೆ. ಹಗಲಿನ ಬೆಳಕಿಗೆ ತಂದು ಮುಚ್ಚಳ ಎತ್ತಿ, ಲೋಳೆಯನ್ನು ನೋಡಿ. ಮೊದಲು ತಿಳಿಯಾಗಿ ಎಳೆ ಎಳೆಯಾಗಿರುತ್ತದೆ, ಆಮೇಲೆ ಹಾಲಿನಂತೆ, ಆಮೇಲೆ ದಪ್ಪಗೆ ಹಳದಿ ಅಥವಾ ಕಂದು. ಆಮೇಲೆ ವಾಸನೆ. ತಂಪಿನಲ್ಲಿ ವಾಸನೆ ಏಳುವುದಿಲ್ಲ, ಆದ್ದರಿಂದ ಐಸಿನಿಂದ ತೆಗೆದ ಕೂಡಲೇ ಮೂಗಿಗೆ ಹಿಡಿದರೆ ಏನೂ ಗೊತ್ತಾಗದು. ಕಿವಿರಿನ ಒಂದು ಎಳೆ ಕಿತ್ತು ಎರಡು ಬೆರಳ ನಡುವೆ ಹತ್ತು ಹದಿನೈದು ಸೆಕೆಂಡು ತಿಕ್ಕಿ, ಬೆಚ್ಚಗಾದ ಮೇಲೆ ಮೂಸಬೇಕು. ಸಮುದ್ರದ ಪಾಚಿಯ ವಾಸನೆ ಬಂದರೆ ಹೊಸದು. ಏನೂ ಬಾರದಿದ್ದರೆ ನಡುವಯಸ್ಸು. ಈ ನಡುವಯಸ್ಸಿನ ಮೀನನ್ನು ಹಲವರು ಹೊಸದೆಂದೇ ತಿಳಿಯುತ್ತಾರೆ. ಹುಳಿ ಹಿಟ್ಟಿನಂತೆ ಬಂದರೆ ಅಂಚಿನಲ್ಲಿದೆ. ಅಮೋನಿಯ ಹೊಡೆದರೆ ಮುಗಿಯಿತು.

ಬೆರಳಲ್ಲಿ ಒತ್ತಿ ನೋಡುವ ಪದ್ಧತಿಯಲ್ಲೂ ಒಂದು ಮೋಸವಿದೆ. ಸತ್ತ ಕೆಲವು ತಾಸಿಗೆ ಮೀನು ಸೆಟೆಯುತ್ತದೆ, ಐಸಿನಲ್ಲಿದ್ದರೆ ಆ ಸೆಟೆತ ಇನ್ನಷ್ಟು ಹೊತ್ತು ನಿಲ್ಲುತ್ತದೆ, ಆಮೇಲೆ ಸಡಿಲವಾಗುತ್ತದೆ. ಸೆಟೆದ ಮೀನೆಂದರೆ ತೀರಾ ಹೊಸದು ಎಂಬುದು ಈ ಕಾರಣಕ್ಕೆ. ಆದರೆ ಫ್ರೀಜರಿನಿಂದ ತೆಗೆದು ಅರ್ಧ ಕರಗಿಸಿದ ಮೀನೂ ಹೀಗೇ ಗಟ್ಟಿಯಾಗಿರುತ್ತದೆ. ವ್ಯತ್ಯಾಸ ತಿಳಿಯಲು ಥರ್ಮಾಮೀಟರ್ ಬೇಕು: ಒಳಗೆ ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿದ್ದರೆ ಅದು ಹೆಪ್ಪುಗಟ್ಟಿಸಿದ ಮೀನು. ಪೂರ್ತಿ ಕರಗಿದ್ದರೆ, ಒಂದು ತುಂಡು ಕತ್ತರಿಸಿ ಮಡಚಿದ ಟಿಶ್ಯೂ ಕಾಗದದ ನಡುವೆ ಒತ್ತಿ. ಹೆಪ್ಪುಗಟ್ಟಿ ಕರಗಿದ ಮಾಂಸ ಧಾರಾಳವಾಗಿ ನೀರು ಬಿಡುತ್ತದೆ.

ಇದು ಯಾಕೆ ಮುಖ್ಯವೆಂದರೆ, ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ಪ್ರತಿವರ್ಷದ ನಿಷೇಧ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ಬೋಟುಗಳು ದಡದಲ್ಲಿರುತ್ತವೆ. ಆ ದಿನಗಳಲ್ಲಿ ನಾಡದೋಣಿಯ ಮೀನು ಬಿಟ್ಟರೆ, "ಇವತ್ತಿನ ಅಂಜಲ್" ಎಂದು ರಾಶಿ ಹಾಕಿದ್ದು ಎಲ್ಲಿಂದ ಬಂತೆಂದು ಕೇಳುವುದು ನ್ಯಾಯ. ಹೆಪ್ಪುಗಟ್ಟಿಸಿದ ಮೀನು ಮಾರುವುದು ತಪ್ಪಲ್ಲ, ತಾಜಾ ಎಂದು ಮಾರುವುದು ತಪ್ಪು.

ಇನ್ನು ಲೆಕ್ಕದ ಮಾತು. ತಾಜಾತನವನ್ನು "ಚೆನ್ನಾಗಿದೆ, ಪರವಾಗಿಲ್ಲ" ಎಂದು ಬರೆಯುವುದನ್ನು ಬಿಟ್ಟು ಅಂಕಕ್ಕೆ ಇಳಿಸುವ ಕ್ರಮವೊಂದು 1980ರ ದಶಕದಲ್ಲಿ ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ರೂಪುಗೊಂಡು ಯೂರೋಪಿನ ಹರಾಜು ಕೇಂದ್ರಗಳಿಗೆ ಹಬ್ಬಿತು. ಪ್ರತಿ ಲಕ್ಷಣಕ್ಕೆ ಕೆಡುಕಿನ ಅಂಕ ಕೊಡುತ್ತಾರೆ: ಹೊಸ ಮೀನಿಗೆ ಸೊನ್ನೆ, ಕೆಟ್ಟಷ್ಟೂ ಹೆಚ್ಚು. ಎಲ್ಲ ಕೂಡಿಸಿದ ಮೊತ್ತ ಐಸಿನಲ್ಲಿ ಕಳೆದ ದಿನಗಳ ಜೊತೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಒಂದು ಲಕ್ಷಣ ಸುಳ್ಳು ಹೇಳಿದರೂ ಉಳಿದವು ಮೊತ್ತವನ್ನು ಸರಿದೂಗಿಸುತ್ತವೆ ಎಂಬುದೇ ಇದರ ಗುಟ್ಟು.

ಬಂಗುಡೆಗೆ ಹಾಳೆ ಹೀಗಿರಲಿ: ಚರ್ಮದ ಹೊಳಪಿಗೆ 0ರಿಂದ 2, ಬೆನ್ನಿನ ಮಾಂಸದ ಬಿಗಿಗೆ 0ರಿಂದ 2, ಕಣ್ಣಿನ ತಿಳಿಗೆ 0ರಿಂದ 2, ಕಣ್ಣಿನ ಆಕಾರಕ್ಕೆ 0 ಅಥವಾ 1, ಕಿವಿರಿನ ಬಣ್ಣಕ್ಕೆ 0ರಿಂದ 2, ಕಿವಿರಿನ ಲೋಳೆಗೆ 0ರಿಂದ 2, ಕಿವಿರಿನ ವಾಸನೆಗೆ 0ರಿಂದ 3, ಹೊಟ್ಟೆಗೆ 0ರಿಂದ 2. ಒಟ್ಟು 16. ಕಣ್ಣಿನ ಆಕಾರಕ್ಕೆ ಒಂದೇ ಅಂಕ, ವಾಸನೆಗೆ ಮೂರು ಎಂಬುದನ್ನು ಗಮನಿಸಿ. ಕಾರಣ ಮೇಲೆಯೇ ಹೇಳಿದ್ದೇವೆ. ಬೂತಾಯಿಗೆ ಇದೇ ಹಾಳೆ ಆಗದು. ಹೊಟ್ಟೆ ತುಂಬ ತಿಂದ ಕಾಲದಲ್ಲಿ ಹಿಡಿದ ಬೂತಾಯಿಯ ಜೀರ್ಣರಸಗಳು ಹೊಟ್ಟೆಯ ಗೋಡೆಯನ್ನೇ ಕರಗಿಸುತ್ತವೆ, ಒಂದೆರಡು ದಿನದಲ್ಲೇ ಹೊಟ್ಟೆ ಒಡೆಯುತ್ತದೆ. ಆಳವಾದ ಪೆಟ್ಟಿಗೆಯಲ್ಲಿ ಮೇಲಿನ ಭಾರಕ್ಕೂ ಒಡೆಯುತ್ತದೆ. ಅಂಥ ಮೀನು ನೋಡಲು ಹಳತು, ಮಾಂಸ ಹಳತಲ್ಲದಿರಬಹುದು. ಸಿಗಡಿ ಮತ್ತು ಬೊಂಡಾಸಿಗೆ (ಸ್ಕ್ವಿಡ್) ಪೂರಾ ಬೇರೆ ಹಾಳೆ ಬೇಕು. ಸಿಗಡಿಯ ತಲೆ ಕಪ್ಪಾಗುವುದು ಕಿಣ್ವದ ಕೆಲಸ, ಕತ್ತರಿಸಿಟ್ಟ ಬದನೆ ಕಪ್ಪಾಗುವ ಹಾಗೆ. ಕೊಳೆತಿದೆ ಎನ್ನಲು ಅದೊಂದೇ ಸಾಲದು. ತಲೆ ಮುಂಡದಿಂದ ಸಡಿಲವಾಗಿ ಜೋತಿದೆಯೇ, ಕುತ್ತಿಗೆಯ ಹತ್ತಿರ ಅಮೋನಿಯ ವಾಸನೆ ಇದೆಯೇ, ಅದನ್ನು ನೋಡಬೇಕು.

ಎಷ್ಟು ಅಂಕಕ್ಕೆ ತಿರಸ್ಕರಿಸಬೇಕು? ಈ ಅಂಕೆಯನ್ನು ಯೂರೋಪಿನಿಂದ ಎರವಲು ತರಬೇಡಿ. ಅಲ್ಲಿನ ಮೀನು ಬೇರೆ, ಅದಕ್ಕೆ ಅಂಟಿದ ಬ್ಯಾಕ್ಟೀರಿಯಾ ಬೇರೆ. ಇಲ್ಲೇ ಕಂಡುಕೊಳ್ಳುವುದು ಸುಲಭ. ಅದೇ ದಿನ ಹಿಡಿದ ಬಂಗುಡೆ ಸುಮಾರು 60 ತೆಗೆದುಕೊಳ್ಳಿ. ನೀರು ಇಳಿಯಲು ತೂತಿರುವ ಪೆಟ್ಟಿಗೆಯಲ್ಲಿ, ಮೀನಿನ ತೂಕದಷ್ಟೇ ಐಸಿನಲ್ಲಿ ಪದರಪದರವಾಗಿ ಇಡಿ. ದಿನಾ ಐಸ್ ತುಂಬಿಸಿ. ದಿನ ಬಿಟ್ಟು ದಿನ 5 ಮೀನು ತೆಗೆದು, ಮೂವರು ಒಬ್ಬರ ಹಾಳೆ ಇನ್ನೊಬ್ಬರು ನೋಡದ ಹಾಗೆ ಅಂಕ ಹಾಕಲಿ. ಅದೇ ಮೀನಿನ ಒಂದೊಂದು ತುಂಡನ್ನು ಉಪ್ಪು, ಮಸಾಲೆ ಏನೂ ಹಾಕದೆ ಮುಚ್ಚಿದ ಪಾತ್ರೆಯಲ್ಲಿ ಹಬೆಯಲ್ಲಿ ಬೇಯಿಸಿ, ಮುಚ್ಚಳ ತೆಗೆದ ಕ್ಷಣದ ಆವಿಯನ್ನು ಮೂಸಿ, ಆಮೇಲೆ ರುಚಿ ನೋಡಲಿ. ಮಸಾಲೆ ಹಾಕಿದ ಬಂಗುಡೆಯಲ್ಲಿ ಎಲ್ಲ ಮೀನೂ ರುಚಿಯೇ, ಅದು ಪರೀಕ್ಷೆಗೆ ಬರುವುದಿಲ್ಲ! ಬೆಂದ ಮೀನನ್ನು ಮೂವರೂ ಬೇಡ ಎಂದ ದಿನದ ಅಂಕವೇ ನಿಮ್ಮ ಗಡಿ. ಇದನ್ನು ಮಳೆಗಾಲದ ನಂತರ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಮಾಡಬೇಕು, ಯಾಕೆಂದರೆ ಮೀನಿನ ಕೊಬ್ಬು ಕಾಲಕ್ಕೆ ತಕ್ಕ ಹಾಗೆ ಏರಿಳಿಯುತ್ತದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಈ ಕೆಲಸಕ್ಕೆ ಹೊರಗಿನ ತಜ್ಞರನ್ನು ಹುಡುಕಬೇಕಾಗಿಲ್ಲ.

ಪ್ರಯೋಗಾಲಯದ ವರದಿಯ ಬಗ್ಗೆಯೂ ಒಂದು ಮಾತು. ಮೀನು ಕೆಡುವಾಗ ಹುಟ್ಟುವ ಅಮೋನಿಯದಂಥ ವಸ್ತುಗಳ, ಅಂದರೆ ಒಟ್ಟು ಆವಿಯಾಗುವ ಸಾರಜನಕವನ್ನು ಅಳೆದು, ಯೂರೋಪಿನಲ್ಲಿ ಮೀನಿನ ಜಾತಿಗೆ ತಕ್ಕಂತೆ 100 ಗ್ರಾಮಿಗೆ 25ರಿಂದ 35 ಮಿಲಿಗ್ರಾಂ ಮಿತಿ ಇಡುತ್ತಾರೆ. ಕೊಳೆತ ಮೀನನ್ನು ಹೊರಗಿಡಲು ಇದು ಒಳ್ಳೆಯದು. ಆದರೆ ಐಸಿನಲ್ಲಿರುವ ಮೀನಿನಲ್ಲಿ ಮೊದಲ ಹಲವು ದಿನ ಈ ಅಂಕೆ ಅಲುಗುವುದೇ ಇಲ್ಲ. ಬ್ಯಾಕ್ಟೀರಿಯಾ ಹೆಚ್ಚಿದ ಮೇಲಷ್ಟೇ ಏರುತ್ತದೆ. ಹಾಗಾಗಿ ವರದಿ "ಪಾಸ್" ಎಂದರೆ ಮೀನು ಕೊಳೆತಿಲ್ಲ ಎಂದಷ್ಟೇ ಅರ್ಥ, ತಾಜಾ ಎಂದಲ್ಲ. ತೊರಕೆ (ರೇ), ತಾಟೆಯಂಥ (ಶಾರ್ಕ್) ಮೀನುಗಳ ಮೈಯಲ್ಲಿ ಯೂರಿಯಾ ತುಂಬಿರುವುದರಿಂದ ಅವು ಬೇಗನೆ ಅಮೋನಿಯ ನಾರುತ್ತವೆ. ಅವಕ್ಕೆ ಅಮೋನಿಯ ಪಟ್ಟಿ ತಾಗಿಸಿ "ರಾಸಾಯನಿಕ ಬೆರೆಸಿದ್ದಾರೆ" ಎಂದರೆ ಮಾರುವವರಿಗೆ ಅನ್ಯಾಯ.

ಫಾರ್ಮಾಲಿನ್ ವಿಷಯದಲ್ಲೂ ಇದೇ ಎಚ್ಚರ. 2018ರಲ್ಲಿ ಮೀನಿಗೆ ರಾಸಾಯನಿಕ ಬೆರೆಸುವುದನ್ನು ಹಿಡಿಯಲು ಕೇರಳ ನಡೆಸಿದ 'ಆಪರೇಷನ್ ಸಾಗರ ರಾಣಿ' ತಪಾಸಣೆಯ ನಂತರ ನಮ್ಮ ಕಡೆಯೂ ಭಯ ಹಬ್ಬಿತು, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಪರೀಕ್ಷಾ ಪಟ್ಟಿಗಳು ಬಳಕೆಗೆ ಬಂದವು. ಪಟ್ಟಿ ಒಳ್ಳೆಯ ಸಾಧನ. ಆದರೆ ಅರಣೆ ಮೀನು, ಬೊಂಬಿಲ್ ಜಾತಿಯವುಗಳಲ್ಲಿ ಇಟ್ಟಲ್ಲೇ ಫಾರ್ಮಾಲ್ಡಿಹೈಡ್ ತಾನಾಗಿ ಹುಟ್ಟುತ್ತದೆ. ಪಟ್ಟಿಯ ಬಣ್ಣ ನೋಡಿದ ಮೇಲೆ ಮಾದರಿ ಪ್ರಯೋಗಾಲಯಕ್ಕೆ ಹೋಗಲಿ. ಅದಕ್ಕೆ ಮೊದಲು ಕ್ಯಾಮೆರಾ ಎದುರು ಹೇಳಿಕೆ ಬೇಡ. "ನೊಣ ಕೂರಲಿಲ್ಲ, ಹಾಗಾದರೆ ಫಾರ್ಮಾಲಿನ್" ಎಂಬ ಮಾತಿಗೆ ಬೆಲೆಯಿಲ್ಲ. ಐಸಿನಲ್ಲಿ ಸರಿಯಾಗಿ ಮುಚ್ಚಿದ ಮೀನಿನ ಮೇಲೂ ನೊಣ ಹೆಚ್ಚು ಕೂರುವುದಿಲ್ಲ.

ಜನರಿಗೆ ನಿಜವಾಗಿ ಕಾಯಿಲೆ ತರುವುದನ್ನು ಮಾತ್ರ ಯಾರೂ ಹುಡುಕುತ್ತಿಲ್ಲ. ಬಂಗುಡೆ, ಬೂತಾಯಿ, ಕೇದರ್ (ಟ್ಯೂನ) ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳ. ಮೀನು ಬೆಚ್ಚಗಿದ್ದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಇದನ್ನು ಮನೆಯವರು "ಮೀನಿನ ಅಲರ್ಜಿ" ಎಂದುಬಿಡುತ್ತಾರೆ. ಹುರಿದರೂ ಬೇಯಿಸಿದರೂ ಹಿಸ್ಟಮಿನ್ ಹೋಗದು, ಮತ್ತೆ ಐಸ್ ಹಾಕಿದರೂ ಹೋಗದು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ 200 ಮಿಲಿಗ್ರಾಂ. ಕಣ್ಣು, ಕಿವಿರು ಎಲ್ಲ ಚೆನ್ನಾಗಿದ್ದೂ ಹಿಸ್ಟಮಿನ್ ಹೆಚ್ಚಿರಬಹುದು, ಏಕೆಂದರೆ ಹಿಡಿದ ಮೇಲೆ ಬೋಟಿನ ಡೆಕ್ಕಿನಲ್ಲಿ ಬಿಸಿಲಿಗೆ ಬಿದ್ದಿದ್ದ ಮೂರು ನಾಲ್ಕು ತಾಸು ಯಾವ ಗುರುತನ್ನೂ ಬಿಡದೆ ಹೋಗಿರುತ್ತದೆ. ತಾಪದ ದಾಖಲೆಯನ್ನು ನಾವು ಇಷ್ಟು ಒತ್ತಿ ಕೇಳುವುದು ಇದಕ್ಕೇ.

ದಾಖಲೆ ಎಂದರೆ ದೊಡ್ಡ ಯಂತ್ರವೇನಲ್ಲ. ಲಾಟಿನ ಮೇಲೆ ಒಂದು ಚೀಟಿ: ಮೊದಲ ಐಸ್ ಹಾಕಿದ ದಿನಾಂಕ. ಬಂದರಿನ ದಕ್ಕೆಗೆ ಬೋಟು ಬಂದ ದಿನ ಬೇರೆ, ಮೀನು ಸಿಕ್ಕ ದಿನ ಬೇರೆ. ಹತ್ತು ದಿನ ಸಮುದ್ರದಲ್ಲಿದ್ದ ಟ್ರಾಲ್ ಬೋಟಿನ ತಳದಲ್ಲಿ ಮೊದಲ ದಿನದ ಮದ್ಮಲ್ ಮೀನು ಇರುತ್ತದೆ, ಮೇಲೆ ನಿನ್ನೆಯದು. ಏಲಂನಲ್ಲಿ ಎರಡೂ "ಇವತ್ತಿನ ಬೋಟಿನದ್ದು" ಆಗಿಬಿಡುತ್ತವೆ. ಬೋಟು ನಡೆಸುವ ತಾಂಡೇಲನಿಗೆ ಯಾವ ಪದರ ಯಾವತ್ತಿನದ್ದೆಂದು ಚೆನ್ನಾಗಿ ಗೊತ್ತಿರುತ್ತದೆ. ಬರೆದುಕೊಡಲು ಹೇಳಿದರೆ ಬರೆಯಬಲ್ಲ, ಆದರೆ ಹಾಗೆ ಬರೆದದ್ದಕ್ಕೆ ಬೆಲೆ ಕಡಿಮೆಯಾಗಬಾರದು. ಐಸ್ ಚೆನ್ನಾಗಿದ್ದ ಐದು ದಿನದ ಮೀನಿಗೆ ಅಂಕದ ಹಾಳೆಯೇ ರಕ್ಷಣೆ.

ಐಸ್ ಎಷ್ಟಿರಬೇಕು? 28 ಡಿಗ್ರಿಯ 100 ಕಿಲೋ ಮೀನನ್ನು ಸೊನ್ನೆಗೆ ಇಳಿಸಲಿಕ್ಕೇ ಸುಮಾರು 30 ಕಿಲೋ ಐಸ್ ಕರಗಿಹೋಗುತ್ತದೆ. ಪೆಟ್ಟಿಗೆಯ ಗೋಡೆಯಿಂದ, ಲಾರಿಯ ಬಾಗಿಲಿನಿಂದ ಒಳಬರುವ ಬಿಸಿಯನ್ನು ತಡೆಯಲು ಬೇಕಾದ್ದು ಬೇರೆ. ಅದಕ್ಕೇ ಬೋಟಿನಲ್ಲಿ ಮತ್ತು ದೂರದ ಪ್ರಯಾಣದಲ್ಲಿ ಒಂದಕ್ಕೆ ಒಂದು ಎಂಬ ಲೆಕ್ಕ. ಮೇಲೊಂದು ಹಿಡಿ ಐಸ್ ಸುರಿದು ಮುಚ್ಚಿದರೆ ಸಾಲದು: ತಳಕ್ಕೆ ಅಂಗೈ ಅಗಲದಷ್ಟು, ಪದರಗಳ ನಡುವೆ, ಬದಿಗಳಿಗೆ, ಮೇಲೆ ದಪ್ಪಗೆ. ಮೀನಿನ ಪದರ ಎರಡು ಪಟ್ಟು ದಪ್ಪವಾದರೆ ನಡುವಿನ ಮೀನು ತಣ್ಣಗಾಗಲು ಹತ್ತಿರ ಹತ್ತಿರ ನಾಲ್ಕು ಪಟ್ಟು ಸಮಯ ಬೇಕು. ಬ್ಲಾಕ್ ಒಡೆದ ಚೂಪು ತುಂಡುಗಳು ಚರ್ಮ ಹರಿದು ಮೀನನ್ನು ಜಜ್ಜುತ್ತವೆ, ನುಣ್ಣಗೆ ಪುಡಿಯಾದದ್ದು ಬೇಕು.

ಈಗ ಲಾರಿಗಳ ಪ್ರಶ್ನೆ. ಹೆದ್ದಾರಿಯಲ್ಲಿ ಮೀನಿನ ನೀರು ಸುರಿಯುತ್ತದೆ, ದ್ವಿಚಕ್ರ ವಾಹನದವರು ಜಾರುತ್ತಾರೆ, ಊರೆಲ್ಲ ನಾರುತ್ತದೆ ಎಂಬ ದೂರು ನ್ಯಾಯವಾದದ್ದೇ. ಆದರೆ ದಂಡದ ಭಯಕ್ಕೆ ಚಾಲಕರು ನೀರಿನ ತೂತಿಗೆ ಬಿರಡೆ ಹಾಕಿದರೆ, ಮಂಗಳೂರಿನಿಂದ ಬೆಂಗಳೂರಿನವರೆಗಿನ 350 ಕಿಲೋಮೀಟರ್ ಉದ್ದಕ್ಕೂ ಅಡಿಯ ಮೀನು ರಕ್ತದ ನೀರಲ್ಲಿ ಮುಳುಗಿರುತ್ತದೆ. ಕರಗುವ ನೀರು ಮೀನಿನ ಮೇಲಿಂದ ಹರಿದು ಲೋಳೆ, ಬ್ಯಾಕ್ಟೀರಿಯಾ ತೊಳೆದುಕೊಂಡು ಹೋಗಬೇಕು. ಹೊರಹೋಗದಿದ್ದರೆ ಗಾಳಿಯಿಲ್ಲದ ಆ ಕೆಸರಲ್ಲಿ ಕೊಳೆತ ಮೊಟ್ಟೆಯ ವಾಸನೆ ಹುಟ್ಟುತ್ತದೆ. ಪರಿಹಾರ ಕಷ್ಟವಲ್ಲ: ತೂತಿರುವ ಎರಡನೇ ತಳ, ಅದರಡಿ ನೀರಿನ ಟ್ಯಾಂಕ್, ನಿಗದಿತ ಜಾಗದಲ್ಲಿ ಖಾಲಿ ಮಾಡುವ ವ್ಯವಸ್ಥೆ. ಸಾರಿಗೆ ಅಧಿಕಾರಿಗಳು ದಂಡದ ಚೀಟಿ ಬರೆಯುವಾಗ ಟ್ಯಾಂಕ್ ಇದೆಯೇ ಎಂದು ನೋಡಲಿ, ಬಿರಡೆ ಇದೆಯೇ ಎಂದಲ್ಲ.

ಮಾರುಕಟ್ಟೆಗಳಲ್ಲಿ ಕುಳಿತು ಮಾರುವ ಮೀನುಗಾರ್ತಿಯರಿಗೆ ಐಸ್ ಸಿಗುವ ವ್ಯವಸ್ಥೆ ಮೊದಲು ಆಗಬೇಕು, ದಂಡ ಆಮೇಲೆ. ಪ್ರತಿ ದೊಡ್ಡ ಮಾರುಕಟ್ಟೆಗೆ ಐಸ್ ಪುಡಿ ಮಾಡುವ ಒಂದು ಯಂತ್ರ, ಕುಡಿಯುವ ನೀರಿನಿಂದಲೇ ಮಾಡಿದ ಐಸ್, ಕೂರುವ ಕಟ್ಟೆಗೆ ಹಿಂದಕ್ಕೆ ಇಳಿಜಾರು ಮತ್ತು ಚರಂಡಿ. "ಐಸಿನಲ್ಲಿಟ್ಟ ಮೀನೇ ಒಳ್ಳೆಯ ಮೀನು" ಎಂಬ ಬೋರ್ಡನ್ನು ಪಾಲಿಕೆಯೇ ತನ್ನ ಹೆಸರಲ್ಲಿ ಹಾಕಲಿ. ಮಾರುವವರು ಹೇಳಿದರೆ ಗಿರಾಕಿ ನಂಬುವುದಿಲ್ಲ.

ಆಗಸ್ಟ್ 1ಕ್ಕೆ ಬೋಟುಗಳು ಇಳಿಯುವ ಮೊದಲು ಆಗಬಹುದಾದದ್ದು ಇಷ್ಟು: ಪ್ರತಿ ತಪಾಸಕರಿಗೆ ಚುಚ್ಚುವ ಥರ್ಮಾಮೀಟರ್ ಒಂದು, ಬಂಗುಡೆಯ ಅಂಕದ ಹಾಳೆ ಕನ್ನಡದಲ್ಲಿ, ಮೀನಿನ ತುಳು ಮತ್ತು ಕೊಂಕಣಿ ಹೆಸರುಗಳ ಸಹಿತ. ಒಂದು ಕ್ರೇಟಿನಿಂದ ಕನಿಷ್ಠ ಐದು ಮೀನು ನೋಡಬೇಕು, ಮೇಲಿನದ್ದು, ನಡುವಿನದ್ದು, ಅಡಿಯದ್ದು. ಮೂರು ಕಡೆಯೂ ತಾಪ ಬರೆಯಬೇಕು. ಥರ್ಮಾಮೀಟರಿನ ಮೊನೆಯನ್ನು ಕಿವಿರಿನ ಸಂದಿಯಿಂದ ಬೆನ್ನಿನ ದಪ್ಪ ಮಾಂಸಕ್ಕೆ ತೂರಿಸಿ, ಅಂಕೆ ನಿಲ್ಲುವವರೆಗೆ ಕಾಯಬೇಕು. 2 ಡಿಗ್ರಿಯೊಳಗಿದ್ದರೆ ಐಸ್ ಕೆಲಸ ಮಾಡುತ್ತಿದೆ. 5 ದಾಟಿದ್ದರೆ ಕಿವಿರು ಎಷ್ಟೇ ಕೆಂಪಾಗಿದ್ದರೂ ಐಸ್ ಹಾಕಿದ ಚೀಟಿಯನ್ನು ಕೇಳಿ. ಪ್ರತಿ ಬೆಳಗ್ಗೆ ಹೊರಡುವ ಮೊದಲು ಥರ್ಮಾಮೀಟರನ್ನು ಒಂದು ಲೋಟ ಪುಡಿ ಐಸ್ ಮತ್ತು ಸ್ವಲ್ಪ ನೀರಿನಲ್ಲಿ ಅದ್ದಿ ಕಲಕಿ ನೋಡಿ. ಅದು ಸೊನ್ನೆ ತೋರಿಸದಿದ್ದರೆ, ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎಂಬುದನ್ನು ಹಾಳೆಯ ಮೇಲ್ಗಡೆಯೇ ಬರೆದಿಟ್ಟುಕೊಳ್ಳಿ.

ಇಂತಿ,
ಕರಾವಳಿಯ ದಕ್ಕೆಗಳಲ್ಲಿ ಮತ್ತು ಸಂಸ್ಕರಣಾ ಘಟಕಗಳಲ್ಲಿ ಮೀನಿನ ಗುಣಮಟ್ಟ ನೋಡುವ ಕೆಲಸದವರು